ನಡುಗುವ ಇಂಜಿನ್ ಮತ್ತು ಅನುಮಾನ ಪ್ರಮಾಣ

ಕಾರ್ಯವನ್ನು ಕಂಡು ಕಾರಣವನ್ನು ತಿಳಿಯಲು, ಅಂದರೆ ಅನುಮಾನಿಸಲು, ಸಾಧ್ಯವೇ? ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಆಕ್ಷೇಪ ಎತ್ತುವ ಪೂರ್ವಪಕ್ಷಿ ಸಾಧ್ಯವಿಲ್ಲ ಎನ್ನುತ್ತಾನೆ. ಹೊಳೆ ತುಂಬಿದ್ದನ್ನು ಕಂಡು ಮೇಲೆ ಮಳೆಯಾಗಿದೆ ಎನ್ನುತ್ತೇವೆ. ಆದರೆ ಕೆಳಗೆ ಯಾರೋ ನೀರು ಕಟ್ಟಿ ಹಾಕಿದರೂ ಹೊಳೆ ತುಂಬುತ್ತದಲ್ಲ? ಹಳೆಯ ಗಾಡಿ ಇಟ್ಟುಕೊಂಡವರಿಗೆ ಈ ಆಕ್ಷೇಪದ ಬಿಸಿ ಚೆನ್ನಾಗಿ ಗೊತ್ತು. 1980ರ ದಶಕದ ಆರಂಭದ, ಕಾರ್ಬ್ಯುರೇಟರ್ ಇರುವ, 4.9 ಲೀಟರಿನ ಆರು ಸಿಲಿಂಡರಿನ ಫೋರ್ಡ್ ಎಫ್-150 ಪಿಕಪ್ ಟ್ರಕ್ಕನ್ನೇ ತೆಗೆದುಕೊಳ್ಳಿ. ನಿಂತಲ್ಲಿ ಇಂಜಿನ್ ನಡುಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಪ್ಲಗ್ ಕೆಟ್ಟಿರಬಹುದು, ಇಂಟೇಕ್‌ಗೆ ಸೇರುವ ರಬ್ಬರ್ ಹೋಸ್ ಬಿರಿದಿರಬಹುದು, ಪೆಟ್ರೋಲ್ ಫಿಲ್ಟರ್ ಕಟ್ಟಿರಬಹುದು, ವಾಲ್ವ್ ಸುಟ್ಟಿರಬಹುದು.

ನೈಯಾಯಿಕರ ಉತ್ತರ ನನಗೆ ಇಂದಿಗೂ ಅಚ್ಚರಿಯಾಗುವಷ್ಟು ಸರಿ ಎನಿಸುತ್ತದೆ: ತಪ್ಪು ಅನುಮಾನದ್ದಲ್ಲ, ಅರ್ಧ ನೋಡಿ ಅನುಮಾನಿಸಿದವನದು. ಮಳೆಯ ನೆರೆಗೆ ಸೆಳೆತವಿರುತ್ತದೆ, ನೊರೆಯಿರುತ್ತದೆ, ಎಲೆ ಹಣ್ಣು ಕಟ್ಟಿಗೆ ತೇಲಿಬರುತ್ತವೆ ಎಂದು ವಾತ್ಸ್ಯಾಯನ ಭಾಷ್ಯದಲ್ಲಿ ವಿವರಿಸುತ್ತಾನೆ. ಇಂಜಿನ್ನಿನ ನಡುಕಕ್ಕೂ ಇಂಥ ಗುರುತುಗಳಿವೆ. ಹೋಸ್ ಬಿರಿದಿದ್ದರೆ ಐಡ್ಲಿಂಗ್‌ನಲ್ಲಿ ನಡುಗುವ ಇಂಜಿನ್ ಆಕ್ಸಿಲರೇಟರ್ ಒತ್ತಿದೊಡನೆ ಬಹುಮಟ್ಟಿಗೆ ಸರಿಹೋಗುತ್ತದೆ. ಥ್ರಾಟಲ್ ತೆರೆದಾಗ ಒಳಗಿನ ಸೆಳೆತ ಇಳಿದು, ಬಿರುಕಿನಿಂದ ನುಸುಳುವ ಗಾಳಿಯ ಪಾಲು ಅಲ್ಪವಾಗುತ್ತದೆ. ಫಿಲ್ಟರ್ ಕಟ್ಟಿದ್ದರೆ ತದ್ವಿರುದ್ಧ: ನಿಂತಲ್ಲಿ ಬೇಕಾದ ಅಷ್ಟಿಷ್ಟು ಪೆಟ್ರೋಲ್ ಸಿಗುತ್ತದೆ, ಏರಿನಲ್ಲಿ ಸಾಲುವುದಿಲ್ಲ. ಎರಡು ಕಡೆಯೂ ತೊಂದರೆಯಿದ್ದರೆ ಯಾವುದೋ ಒಂದು ಸಿಲಿಂಡರ್ ದುಡಿಯುತ್ತಿಲ್ಲ ಎಂಬ ಶಂಕೆ ಬಲವಾಗುತ್ತದೆ. ಆಗ ಐಡ್ಲಿಂಗ್‌ನಲ್ಲಿ, ಶಾಕ್ ಹೊಡೆಯದ ಇಕ್ಕಳದಿಂದ, ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಯಾವುದನ್ನು ಕಿತ್ತರೂ ಇಂಜಿನ್ ಇನ್ನಷ್ಟು ಕುಂದಬೇಕು. ಕುಂದದಿದ್ದರೆ ಆ ಸಿಲಿಂಡರ್ ಮೊದಲೇ ಸತ್ತಿತ್ತು. ಇದು ಅಪ್ಪಟ ವ್ಯತಿರೇಕ, ಅಂದರೆ ಕಾರಣವನ್ನು ತೆಗೆದರೆ ಕಾರ್ಯವೂ ಇಲ್ಲವಾಗುತ್ತದೆ ಎಂಬ ನಿಯಮ. ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿದಾಗ ದೋಷವೂ ಹಿಂದೆಯೇ ಹೋದರೆ, ಕಾರಣವಿದ್ದಲ್ಲಿ ಕಾರ್ಯವೂ ಇರುತ್ತದೆ ಎಂಬ ಅನ್ವಯವೂ ದೊರೆಯಿತು. ಹೋಗದಿದ್ದರೆ ವೈರ್, ಬಳಿಕ ಕಂಪ್ರೆಷನ್ ನೋಡಬೇಕು.

ಇಷ್ಟೆಲ್ಲ ಏಕೆ, ಎಲ್ಲವನ್ನೂ ಹೊಸದು ಹಾಕಿದರೆ ಗಾಡಿ ಓಡುತ್ತದಲ್ಲ ಎನ್ನಬಹುದು. ಸಫಲವಾದ ಪ್ರವೃತ್ತಿಯೇ ಜ್ಞಾನಕ್ಕೆ ಸಾಕ್ಷಿ ಎಂದು ನ್ಯಾಯದರ್ಶನವೇ ಹೇಳುವುದರಿಂದ ಇದು ಹಗುರವಾದ ವಾದವಲ್ಲ. ಆದರೆ ಅಲ್ಲಿ ಸಫಲತೆ ಇರುವ ಜ್ಞಾನವನ್ನು ದೃಢಪಡಿಸುತ್ತದೆ, ಇಲ್ಲದ ಜ್ಞಾನವನ್ನು ಹುಟ್ಟಿಸುವುದಿಲ್ಲ. ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ, ಅದು ಅನ್ಯಥಾಸಿದ್ಧ, ಅಂದರೆ ಅದಿಲ್ಲದೆಯೂ ಕಾರ್ಯ ನಡೆಯುತ್ತದೆ ಎಂದು ತಾರ್ಕಿಕರು ಬೇರ್ಪಡಿಸಿದ್ದು ಇದಕ್ಕೇ. ಐದು ಭಾಗ ಒಟ್ಟಿಗೆ ಬದಲಿಸಿದವನಿಗೆ ಕತ್ತೆ ಯಾವುದು, ಕುಂಬಾರ ಯಾರು ಎಂಬುದು ತಿಳಿಯದು. ಹರಕೆ, ಪಥ್ಯ, ಮಾತ್ರೆ ಮೂರನ್ನೂ ಕೂಡಿಸಿ ಗುಣವಾದವರು ಒಂದಕ್ಕೇ ಕೀರ್ತಿ ಕೊಡುವಲ್ಲಿಯೂ ಇದೇ ಕೊರತೆಯಿದೆ. ಮೂರರಲ್ಲಿ ಯಾವುದನ್ನೂ ನಾನಿಲ್ಲಿ ಅಲ್ಲಗಳೆಯುತ್ತಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಮುದಿ ಗಾಡಿಯಲ್ಲಿ ದೋಷಗಳು ಜೊತೆಜೊತೆಯಾಗಿರುತ್ತವೆ. ಒಂದನ್ನು ನೀಗಿಸಿದರೂ ನಡುಕ ಉಳಿದರೆ ನಿಜವಾದ ಕಾರಣವನ್ನೇ ಅಕಾರಣವೆಂದು ತಳ್ಳಿಹಾಕಿಬಿಡಬಹುದು. ಒಪ್ಪಬೇಕಾದ ಮಾತು. ಹಾಗಾಗಿ ಗುಣವಾಯಿತೇ ಎಂದಷ್ಟೇ ಕೇಳದೆ, ಎಷ್ಟು ಬದಲಾಯಿತು ಎಂದು ವ್ಯಾಕ್ಯೂಮ್ ಗೇಜ್ ಇಟ್ಟು ಅಳೆಯಬೇಕು. ಬಿಡಿಭಾಗದ ಅಂಗಡಿಗೆ ಹೋಗುವ ಮೊದಲು ಗೇಜಿನ ಅಂಕಿಯನ್ನು ಬರೆದಿಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆದ ಮೇಲೆಯೇ ಮುಂದಿನದಕ್ಕೆ ಕೈಹಾಕಿ.