ಮೊದಲ ನೋಟಕ್ಕೆ ಹೊಣೆ ಯಾರು?

ದೇವರನಾಮ ಹಾಡಿ ಇನ್‌ಸ್ಟಾಗ್ರಾಂಗೆ ಹಾಕುವವರಿಗೂ ಅಶ್ಲೀಲ ಫಾಲೋವರ್‌ಗಳ ಕಾಟ ತಪ್ಪಿಲ್ಲ. ಹೆಸರಿನ ಕೊನೆಗೆ ಅರ್ಥವಿಲ್ಲದ ಅಂಕಿಗಳು, ಅರೆಬೆತ್ತಲೆ ಪ್ರೊಫೈಲ್ ಚಿತ್ರ, ಎರಡೋ ಮೂರೋ ಪೋಸ್ಟು, ಬಯೋದಲ್ಲೊಂದು ಲಿಂಕು. ಎಷ್ಟೋ ಸಲ ಅಂಥ ಖಾತೆಯ ಹಿಂದೆ ಮನುಷ್ಯರೇ ಇರುವುದಿಲ್ಲ, ಬಾಟ್ ಎಂಬ ತಂತ್ರಾಂಶವಷ್ಟೇ ಇರುತ್ತದೆ. ‘ಇದ್ಯಾರಪ್ಪಾ’ ಎಂದು ತೆರೆದು ನೋಡುವವರ ಕುತೂಹಲವೇ ಅದರ ಬಂಡವಾಳ. ಲಿಂಕ್ ಒತ್ತಿದರೆ ಅಶ್ಲೀಲ ತಾಣವೋ ದುಡ್ಡು ಕೀಳುವ ವಂಚನೆಯೋ ಕಾದಿರುತ್ತದೆ. ಇನ್ನು ಕೆಲವರಿಗೆ, ಹೆಚ್ಚಾಗಿ ಹೆಣ್ಣುಮಕ್ಕಳಿಗೆ, ಅಶ್ಲೀಲ ಚಿತ್ರ ನೇರವಾಗಿ ಇನ್‌ಬಾಕ್ಸಿಗೇ ಬಂದು ಬೀಳುತ್ತದೆ. ಅಳಿಸಿದ ಮೇಲೂ ಮನಸ್ಸಿನಲ್ಲಿ ಮೈಲಿಗೆಯ ಭಾವ ಉಳಿಯುತ್ತದೆ. ಕೇಳದೆ ಕಣ್ಣಿಗೆ ಬಿದ್ದದ್ದಕ್ಕೆ ಕಣ್ಣು ಹೊಣೆಯೇ?

ಧರ್ಮಗಳು ಈ ಪ್ರಶ್ನೆಯನ್ನು ಫೋನ್ ಬರುವುದಕ್ಕೆ ಬಹಳ ಮೊದಲೇ ಎದುರಿಸಿವೆ. ಅರಿಯದೆ ಬಿದ್ದ ಮೊದಲ ನೋಟಕ್ಕೆ ದೋಷವಿಲ್ಲ, ಅದರ ಬೆನ್ನಿಗೆ ಎರಡನೆಯದು ಹೋಗಕೂಡದು ಎಂದು ಪ್ರವಾದಿ ಮುಹಮ್ಮದರು ಅಳಿಯ ಅಲಿಯವರಿಗೆ ತಿಳಿಸಿದರೆಂದು ಹದೀಸ್‌ನಲ್ಲಿದೆ. ಶ್ವೇತಾಂಬರ ಜೈನರ ದಶವೈಕಾಲಿಕ ಸೂತ್ರವಂತೂ ಗೋಡೆಯ ಮೇಲೆ ಬರೆದ ಹೆಣ್ಣಿನ ಚಿತ್ರವನ್ನೂ ಮುನಿ ದಿಟ್ಟಿಸಬಾರದೆನ್ನುತ್ತದೆ. ಕಂಡರೆ, ಸೂರ್ಯನ ಮೇಲೆ ಬಿದ್ದ ದೃಷ್ಟಿಯನ್ನು ತೆಗೆಯುವಂತೆ ಥಟ್ಟನೆ ತೆಗೆಯಬೇಕು. ಎರಡೂ ಕಡೆ ತಪ್ಪು ಶುರುವಾಗುವುದು ನೋಡುತ್ತ ನಿಂತಾಗ. ಬರಿದೆ ಕಂಡವರ ಮೇಲೆ ಅವು ಏನನ್ನೂ ಹೊರಿಸುವುದಿಲ್ಲ.

ಆ ನಿಲ್ಲುವ ಕ್ಷಣವನ್ನೇ ಇಂದಿನ ಆಪ್‌ಗಳು ಅಳೆಯುತ್ತಿವೆ. ಲೈಕ್ ಒತ್ತದಿದ್ದರೂ ಪೋಸ್ಟಿನ ಮುಂದೆ ಎಷ್ಟು ಹೊತ್ತು ನಿಂತರೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಾಗಿ ಫೇಸ್‌ಬುಕ್ 2015ರಲ್ಲೇ ಹೇಳಿತ್ತು. ಇನ್‌ಸ್ಟಾಗ್ರಾಂ ಕೂಡ 2021ರಲ್ಲಿ ತನ್ನ ಫೀಡ್ ಬಗ್ಗೆ ಅದನ್ನೇ ವಿವರಿಸಿತು. ನಿಂತದ್ದು ಆಸೆಯಿಂದಲೋ ಅಸಹ್ಯದಿಂದಲೋ ಯಂತ್ರಕ್ಕೆ ತಿಳಿಯದು. ‘ಛೀ’ ಎನ್ನುತ್ತಲೇ ನಾಲ್ಕು ಸೆಕೆಂಡು ನೋಡಿದವರಿಗೆ ನಾಳೆ ಅಂಥವೇ ಇನ್ನೆರಡು ಬಂದಾವು. ಕೂಡಲೇ ಸರಿಸುವುದು, ‘ನಾಟ್ ಇಂಟರೆಸ್ಟೆಡ್’ ಒತ್ತುವುದು ಇಲ್ಲಿ ಸಂಯಮವೂ ಹೌದು, ಜಾಣತನವೂ ಹೌದು.

ಇದಿಷ್ಟೂ ನೋಡುವವರ ಶಿಸ್ತಾಯಿತು. ತೋರಿಸಿದವರ, ಅದಕ್ಕೆ ಗುರಿಯಾದವರ ಮಾತೇನು?

ಶ್ವೇತಾಂಬರ ಜೈನರದೇ ಆದ ಉತ್ತರಾಧ್ಯಯನ ಸೂತ್ರದಲ್ಲಿ ರಾಜೀಮತಿಯ ಕಥೆಯಿದೆ. ಮದುವೆಯಾಗಬೇಕಿದ್ದ ಅರಿಷ್ಟನೇಮಿ ವಿರಾಗಿಯಾದ ಮೇಲೆ ತಾನೂ ದೀಕ್ಷೆ ಪಡೆದವಳು ಅವಳು. ರೈವತಕ ಬೆಟ್ಟದ ದಾರಿಯಲ್ಲಿ ಮಳೆಗೆ ಸಿಕ್ಕಿ, ಕತ್ತಲ ಗುಹೆಯೊಂದನ್ನು ಹೊಕ್ಕು, ತೊಯ್ದ ಬಟ್ಟೆ ಕಳಚಿ ಹರವುತ್ತಾಳೆ. ಒಳಗೆ ಅರಿಷ್ಟನೇಮಿಯ ಸೋದರ ರಥನೇಮಿ, ಅವನೂ ಮುನಿಯೇ. ಅವಳನ್ನು ಕಂಡು ಅವನ ಮನಸ್ಸು ಕದಡುತ್ತದೆ. ಅವನನ್ನು ಕಂಡು ಅವಳು ನಡುಗುತ್ತಾಳೆ, ತೋಳುಗಳಿಂದ ಮೈ ಮುಚ್ಚಿಕೊಂಡು ಕುಳಿತುಬಿಡುತ್ತಾಳೆ. ಅವನು ಬಾ ಎನ್ನುತ್ತಾನೆ. ಆಮೇಲೆ ಧೈರ್ಯ ತಂದುಕೊಂಡು, ಅವನು ಎಂಥ ಚೆಲುವನಾದರೂ ತನಗೆ ಬೇಡವೆಂದು ಖಂಡತುಂಡವಾಗಿ ಹೇಳಿ, ಅವನ ವ್ರತವನ್ನು ನೆನಪಿಸುತ್ತಾಳೆ. ಅವನು ತಿದ್ದಿಕೊಳ್ಳುತ್ತಾನೆ. ‘ಆ ಗುಹೆಗೆ ನೀನೇಕೆ ಹೋದೆ’ ಎಂದು ಸೂತ್ರ ಅವಳನ್ನು ಕೇಳುವುದೇ ಇಲ್ಲ. ನಮ್ಮ ಮನೆಗಳಲ್ಲಿ ಇನ್‌ಬಾಕ್ಸ್ ತೋರಿಸಿ ಅಳುವ ಹುಡುಗಿಗೆ ಎದುರಾಗುವ ಮೊದಲ ಮಾತು ‘ಫೋಟೋ ಹಾಕು ಅಂತ ನಿನಗೆ ಯಾರು ಹೇಳಿದ್ರು?’ ಧರ್ಮದ ಹೆಸರಿನಲ್ಲಿ ಹಾಗೆ ಗದರುವವರು ಈ ಕಥೆಯನ್ನೊಮ್ಮೆ ಓದಬೇಕು.

ಹಾಗೆಂದು ಎಲ್ಲರಿಗೂ ಬುದ್ಧಿ ಹೇಳುತ್ತ ಕೂರಬೇಕಿಲ್ಲ. ರಥನೇಮಿ ಕೇಳಿಸಿಕೊಂಡ, ಬಾಟ್‌ಗೆ ಕಿವಿಯಿಲ್ಲ, ಚಟಕ್ಕೆ ಕಳಿಸುವವನಿಗೆ ಬೈಗುಳವೂ ಉತ್ತೇಜನವೇ. ಬ್ಲಾಕ್ ಮಾಡಿದರೆ ಕರುಣೆ ಇಲ್ಲದವರಾದೆವೇನೋ ಎಂಬ ಅಳುಕು ಸಾತ್ವಿಕ ಮನಸ್ಸಿನವರಿಗೆ ಬರುವುದುಂಟು. ದ್ವೇಷವಿಲ್ಲದೆಯೂ ಬ್ಲಾಕ್ ಮಾಡಬಹುದು.

ಬ್ಲಾಕ್ ಮಾಡುವ ಮುನ್ನ ಕಾನೂನಿನ ದಾರಿಯೂ ಇದೆ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನ ಪ್ರಕಾರ, ಹೆಣ್ಣಿನ ಇಚ್ಛೆಗೆ ವಿರುದ್ಧವಾಗಿ ಗಂಡಸು ಅಶ್ಲೀಲ ದೃಶ್ಯ ತೋರಿಸುವುದು ಲೈಂಗಿಕ ಕಿರುಕುಳ. 3 ವರ್ಷದವರೆಗೆ ಜೈಲಾಗಬಹುದು. ಆದರೆ ದೂರು ಕೊಡಬೇಕಾದರೆ ಆ ಚಿತ್ರವನ್ನು ಇನ್ನೊಮ್ಮೆ ನೋಡಲೇಬೇಕು. ಖಾತೆಯ ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಈ ಎರಡನೆಯ ನೋಟಕ್ಕೂ ಹಳಬರು ದಾರಿ ಬಿಟ್ಟಿದ್ದಾರೆ. ಸಾಕ್ಷಿ ನುಡಿಯಲು, ಚಿಕಿತ್ಸೆ ಮಾಡಲು ನೋಡುವುದಕ್ಕೆ ಇಸ್ಲಾಮಿನ ನ್ಯಾಯಶಾಸ್ತ್ರ ಅನುಮತಿ ಕೊಟ್ಟಿದೆ. ಸ್ಕ್ರೀನ್‌ಶಾಟ್ ಸೈಬರ್ ಕ್ರೈಂ ಪೋರ್ಟಲಿಗೆ ಸೇರಿದ ಮೇಲೆ ಆ ಖಾತೆಯನ್ನು ಬ್ಲಾಕ್ ಮಾಡಿದರಾಯಿತು.