ನಿನ್ನೆ ಏನು ಉಂಡಿರಿ?

ತೂಕದ ಯಂತ್ರದ ಮೇಲೆ ಬಂದು ನಿಂತ ಮನುಷ್ಯನ ಬಗ್ಗೆ ಅದರ ಮುಳ್ಳು ನಮಗೆ ಏನನ್ನು ತಿಳಿಸುತ್ತದೆ? ಇಷ್ಟು ಕಿಲೋ ಎಂದಷ್ಟೇ. ಆ ಕಿಲೋಗಳು ಎಲ್ಲಿಂದ ಬಂದವು, ಎಷ್ಟು ಕಾಲ ಉಳಿದಾವು, ಅವುಗಳೊಳಗೆ ರಕ್ತವೆಷ್ಟು, ಕಸುವೆಷ್ಟು ಎಂಬುದನ್ನು ಅದು ಹೇಳಲಾರದು. ಆದರೂ ಎಚ್‌ಐವಿಯ ಚರಿತ್ರೆಯಲ್ಲಿ ತೂಕಕ್ಕೆ ದೊಡ್ಡ ಸ್ಥಾನವಿದೆ. 1985ರಲ್ಲಿ ಉಗಾಂಡಾದ ರಕಾಯ್ ಜಿಲ್ಲೆಯಲ್ಲಿ ಕಂಡ ರೋಗಿಗಳ ಬಗ್ಗೆ ವೈದ್ಯರು ಬರೆದಾಗ, ಅಲ್ಲಿನ ಜನ ಆ ಕಾಯಿಲೆಗೆ ಆಗಲೇ ‘ಸ್ಲಿಮ್’ ಎಂದು ಹೆಸರಿಟ್ಟುಬಿಟ್ಟಿದ್ದರು. ಕಣ್ಣೆದುರೇ ಕರಗಿಹೋಗುವ ಮೈ ಆ ರೋಗದ ಮೊದಲ ಗುರುತಾಗಿತ್ತು. ನಮ್ಮ ಊರುಗಳಲ್ಲೂ ಆಮೇಲಿನ ವರ್ಷಗಳಲ್ಲಿ ಕೆನ್ನೆ ಬತ್ತಿದವರನ್ನು ಕಂಡು ಜನ ಪಿಸುಗುಟ್ಟಿದ್ದು ಆ ಗುರುತನ್ನೇ ಹಿಡಿದು ಅಲ್ಲವೇ?

2004ರ ಏಪ್ರಿಲ್‌ನಿಂದ ಎಚ್‌ಐವಿಯನ್ನು ಹತ್ತಿಕ್ಕುವ ಎ.ಆರ್.ಟಿ. ಔಷಧ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗತೊಡಗಿತು. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಮೊದಲು ಶುರುವಾದ ಆ ಕಾರ್ಯಕ್ರಮದಲ್ಲಿ ಕರ್ನಾಟಕವೂ ಇತ್ತು. ಹಾಸಿಗೆ ಹಿಡಿದವರು ಎದ್ದು ಕೂತರು, ಕೂಲಿಗೆ ಹೋದರು, ಮಕ್ಕಳ ಮದುವೆ ಮಾಡಿದರು. ಇಂದು ದೇಶದಲ್ಲಿ ಸುಮಾರು 25 ಲಕ್ಷ ಜನ ಈ ಸೋಂಕಿನೊಂದಿಗೆ ಬದುಕುತ್ತಿದ್ದಾರೆ. ಬದುಕುತ್ತಿದ್ದಾರೆ ಎಂಬ ಈ ಮಾತನ್ನು ಹೇಳಲು ಸಾಧ್ಯವಾದದ್ದೇ ನಮ್ಮ ಕಾಲದ ಒಂದು ದೊಡ್ಡ ಗೆಲುವು. ಆದರೆ ಗೆಲುವಿಗೂ ಒಂದು ಅಪಾಯವಿದೆ. ಮೈ ತುಂಬಿಕೊಂಡಿತು, ಇನ್ನೇನು ಬೇಕು ಎಂದು ನಾವು ಕಣ್ಣು ಬೇರೆಡೆ ತಿರುಗಿಸಿಬಿಡುತ್ತೇವೆ.

ಮೈ ತುಂಬಿತೆಂದರೆ ಪೋಷಣೆಯೂ ತುಂಬಿತೇ? ಈಗ ಹೆಚ್ಚಿನವರಿಗೆ ಕೊಡುವ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದೆ. ವೈರಸ್ಸನ್ನು ಹತ್ತಿಕ್ಕುವುದರಲ್ಲಿ ಅದು ಬಲು ಸಮರ್ಥ. ಆದರೆ ಅದನ್ನು ಸೇವಿಸುವ ಹಲವರಲ್ಲಿ ತೂಕ ಏರುತ್ತದೆ ಎಂಬುದೂ ಈಚಿನ ವರ್ಷಗಳಲ್ಲಿ ಚೆನ್ನಾಗಿ ತಿಳಿದುಬಂದಿದೆ. ಮೂರು ಹೊತ್ತೂ ಅನ್ನ ಮತ್ತು ನೀರು ಸಾರನ್ನೇ ಉಂಡ ಹೆಂಗಸಿನ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಂಕಿ, ಕಡಿಮೆ ತೂಕದ ಗಡಿಯಾದ 18.5ರ ಗೆರೆಯನ್ನು ಸಲೀಸಾಗಿ ದಾಟಬಹುದು. ಕಾರ್ಡಿನಲ್ಲಿ ಬರೆದ ಅಂಕಿ ಸಮಾಧಾನಕರವಾಗಿಯೇ ಇರುತ್ತದೆ. ಆಕೆಯ ರೆಪ್ಪೆಯ ಒಳಭಾಗ ಬಿಳಿಚಿಕೊಂಡಿರುವುದನ್ನು ಮಾತ್ರ ಆ ಅಂಕಿ ಕಾಣದು. ತೂಕವೆಂಬುದು ಬಾವಿಯಲ್ಲಿ ಇವತ್ತು ನಿಂತಿರುವ ನೀರು. ನಾವು ಕೇಳಬೇಕಾದದ್ದು ಒರತೆಯ ಬಗ್ಗೆ.

ಆ ಒರತೆಯನ್ನು ಅಳೆಯಲು ಹುಟ್ಟಿದ ದಾರಿಯೇ ಆಹಾರ ವೈವಿಧ್ಯದ ಅಂಕ. ಅದಕ್ಕೆ ಸೂಜಿ ಬೇಡ, ಪ್ರಯೋಗಾಲಯ ಬೇಡ. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಉಂಡಿರಿ, ಏನೇನು ಕುಡಿದಿರಿ ಎಂದು ಕೇಳುವುದು. ಉತ್ತರವನ್ನು ಆಹಾರದ ಗುಂಪುಗಳಲ್ಲಿ ಹಂಚಿ ಎಣಿಸುವುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2016ರ ಮಾರ್ಗಸೂಚಿಯಲ್ಲಿ ಹೆಂಗಸರಿಗಾಗಿ ಇಂಥ ಹತ್ತು ಗುಂಪುಗಳಿವೆ. ಧಾನ್ಯ ಮತ್ತು ಗೆಡ್ಡೆ ಒಂದು, ಬೇಳೆಕಾಳು ಒಂದು, ಶೇಂಗಾ ಎಳ್ಳಿನಂಥವು ಒಂದು, ಹಾಲು ಮೊಸರು ಒಂದು, ಮೀನು ಮಾಂಸ ಒಂದು, ಮೊಟ್ಟೆಯೇ ಒಂದು, ಹಸಿರು ಸೊಪ್ಪು ಒಂದು. ಉಳಿದ ಮೂರು ತರಕಾರಿ ಹಣ್ಣುಗಳವು. ಹದಿನೈದು ಗ್ರಾಂ, ಅಂದರೆ ಒಂದು ದೊಡ್ಡ ಚಮಚದಷ್ಟಾದರೂ ತಿಂದಿದ್ದರೆ ಮಾತ್ರ ಅಂಕ. ಹತ್ತರಲ್ಲಿ ಐದು ಬಂದರೆ ಮೈಗೆ ಬೇಕಾದ ಸೂಕ್ಷ್ಮ ಪೋಷಕಾಂಶಗಳು ಒದಗಿರುವ ಸಂಭವ ಹೆಚ್ಚು. 15ರಿಂದ 49 ವರ್ಷದ ಹೆಂಗಸರಿಗೆಂದು ರೂಪಿಸಿದ ಈ ಅಳತೆಯನ್ನೂ ಇದರ ಸೋದರ ಅಳತೆಗಳನ್ನೂ ಎಚ್‌ಐವಿಯೊಂದಿಗೆ ಬದುಕುವವರ ಪೋಷಣೆಯನ್ನು ಅರಿಯಲು ಸಂಶೋಧಕರು ಹಲವು ದೇಶಗಳಲ್ಲಿ ಬಳಸಿದ್ದಾರೆ.

ಈ ಲೆಕ್ಕದಲ್ಲಿ ನಮ್ಮನ್ನು ನಿಲ್ಲಿಸಿ ಯೋಚಿಸುವಂತೆ ಮಾಡುವ ಸಂಗತಿಯೊಂದಿದೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ, ರಾತ್ರಿ ಚಪಾತಿ ಎಂದು ನಾಲ್ಕು ಬಗೆಯಾಗಿ ಉಂಡವನಿಗೂ ಸಿಗುವುದು ಒಂದೇ ಅಂಕ. ಎಲ್ಲವೂ ಧಾನ್ಯವೇ. ಹೊಟ್ಟೆ ನಾಲ್ಕು ಸಲ ತುಂಬಿತು, ಅಳತೆ ಒಂದೇ ಸಲ ತಲೆಯಾಡಿಸಿತು. ಈರುಳ್ಳಿ ಬೆಳ್ಳುಳ್ಳಿಯ ಒಗ್ಗರಣೆ, ಹಸಿಮೆಣಸಿನಕಾಯಿಯ ಖಾರ, ಚಹಾ, ಸಕ್ಕರೆ, ಇವಕ್ಕೆ ಅಂಕವೇ ಇಲ್ಲ. ಬಡತನ ತನ್ನನ್ನು ತಾನು ಮರೆಸಿಕೊಳ್ಳುವುದು ಇವುಗಳಿಂದಲೇ ಅಲ್ಲವೇ? ಸೊಪ್ಪಿಲ್ಲದ ದಿನ ಖಾರ ಹೆಚ್ಚುತ್ತದೆ, ಹಾಲಿಲ್ಲದ ದಿನ ಚಹಾ ಕಪ್ಪಾಗುತ್ತದೆ. ನಾಲಿಗೆಗೆ ಏನೂ ಕಡಿಮೆಯಾಗಿಲ್ಲ ಎನಿಸುವಂತೆ ಮನೆಯ ಹೆಣ್ಣು ನಿಭಾಯಿಸುತ್ತಾಳೆ. 2013ರಲ್ಲಿ ಬಂದ ಅನ್ನಭಾಗ್ಯ ನಮ್ಮ ರಾಜ್ಯದ ಅಡುಗೆಮನೆಗಳಿಂದ ಹಸಿವನ್ನು ದೂರವಿಟ್ಟಿತು. ಅದರ ಋಣ ದೊಡ್ಡದು, ಅದನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ. ಆದರೆ ಹಸಿವು ನೀಗಿದ ಮೇಲೂ ಉಳಿಯುವ ಕೊರತೆಯೊಂದಿದೆ, ಅದು ಸದ್ದಿಲ್ಲದ್ದು, ಕೇಳಿದರಷ್ಟೇ ಗೊತ್ತಾಗುವಂಥದ್ದು.

ಹಾಗೆಂದು ಐದು ಅಂಕವೇನೂ ಸಿರಿವಂತರ ಸೊತ್ತಲ್ಲ. ಸೋಂಕಿನಿಂದ ಬಹಳ ನೊಂದ ಬಾಗಲಕೋಟೆ, ಬೆಳಗಾವಿಯ ಕಡೆಯ ಹಳೆಯ ಊಟವನ್ನು ನೆನೆಯೋಣ. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಒಂದು ಹಿಡಿ ಮೆಂತ್ಯ ಸೊಪ್ಪು, ಶೇಂಗಾ ಚಟ್ನಿ, ಮೊಸರು: ಐದಾಯಿತು. ಪಕ್ಕದಲ್ಲಿ ಸೌತೆಕಾಯಿ ಹೆಚ್ಚಿಟ್ಟರೆ ಆರು. ಮಂಡ್ಯದ ಕಡೆ ಮುದ್ದೆಯ ಜೊತೆಗೆ ಬಸ್ಸಾರೊಂದಿದ್ದರೆ ಬೇಳೆಯೂ ಸೊಪ್ಪೂ ಒಂದೇ ಪಾತ್ರೆಯಲ್ಲಿ ಸೇರಿಬಿಡುತ್ತವೆ. ಹೊಲದ ಬದುವಿನಲ್ಲಿ ತಾನೇ ಬೆಳೆದ ಹೊನಗೊನ್ನೆ, ಅಣ್ಣೆ, ಗಣಿಕೆಗೆ ಯಾರೂ ಬೆಲೆ ಕಟ್ಟಿದವರಲ್ಲ. ಹಿತ್ತಲಿದ್ದವರಿಗೆ, ಬದು ಇದ್ದವರಿಗೆ, ಕರೆದು ಒಂದು ಲೋಟ ಮಜ್ಜಿಗೆ ಕೊಡುವ ನೆರೆಮನೆ ಇದ್ದವರಿಗೆ ಇದೆಲ್ಲ ಸಲ್ಲುತ್ತಿತ್ತು. ಇಲ್ಲೇ ನಾವು ಸ್ವಲ್ಪ ನಿಧಾನಿಸಬೇಕು. ತಟ್ಟೆಯ ವೈವಿಧ್ಯ ಹಣದಿಂದಷ್ಟೇ ಬಂದದ್ದಲ್ಲವಾದರೆ ಮತ್ತೆಲ್ಲಿಂದ ಬಂತು? ನೆಲದೊಂದಿಗಿನ, ನೆರೆಯೊಂದಿಗಿನ, ಮನೆಮಂದಿಯೊಂದಿಗಿನ ನಂಟಿನಿಂದ ಬಂತು. ಎಚ್‌ಐವಿ ಮೊದಲು ಕಡಿದದ್ದು ಯಾವುದನ್ನು? ಆ ನಂಟನ್ನೇ.

ಗಂಡ ತೀರಿಕೊಂಡ ಮೇಲೆ ಸೋಂಕಿತ ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳು ಎಷ್ಟಿಲ್ಲ? ಮನೆಯಲ್ಲೇ ಉಳಿಸಿಕೊಂಡು ಅವಳ ತಟ್ಟೆ ಲೋಟಗಳನ್ನು ಬೇರೆ ಮೂಲೆಗಿಟ್ಟ ಮನೆಗಳು ಎಷ್ಟಿಲ್ಲ? ಜೊತೆಗೆ ಉಣ್ಣುವುದರಿಂದ, ಒಂದೇ ತಟ್ಟೆ ಬಳಸುವುದರಿಂದ ಈ ಸೋಂಕು ಹರಡುವುದಿಲ್ಲ ಎಂಬುದನ್ನು ಶಾಲೆಯ ಗೋಡೆಗಳ ಮೇಲೂ ಬಸ್ಸುಗಳ ಬೆನ್ನ ಮೇಲೂ ಬರೆದದ್ದಾಯಿತು. ಬರೆದದ್ದನ್ನು ಬುದ್ಧಿ ಒಪ್ಪಿತು, ಬಡಿಸುವ ಕೈ ಒಪ್ಪಲಿಲ್ಲ. ಹಾಗೆ ಬೇರೆಯಾದವರ ಒಲೆಯ ಮೇಲೆ ಏನು ಬೇಯುತ್ತದೆ? ಒಬ್ಬರಿಗಾಗಿ ಯಾರೂ ನಾಲ್ಕು ಪದಾರ್ಥ ಮಾಡುವುದಿಲ್ಲ. ಕಾಲು ಕಿಲೋ ಸೊಪ್ಪು ತಂದರೆ ಅರ್ಧ ಬಾಡುತ್ತದೆ, ಕಾಳು ನೆನೆಹಾಕಿದರೆ ಎರಡು ದಿನ ಅದನ್ನೇ ಉಣ್ಣಬೇಕು. ಒಂದು ಪಾತ್ರೆ ಅನ್ನ, ಬೆಳಗಿನ ಸಾರೇ ರಾತ್ರಿಗೂ. ಹತ್ತು ಕೈಗಳಿಗೆ ಬಡಿಸುವ ಮನೆಯಲ್ಲಿ ತಾನಾಗಿ ಬರುವ ವೈವಿಧ್ಯ, ಒಂಟಿ ಒಲೆಯ ಮುಂದೆ ಎಷ್ಟು ದುಡಿದರೂ ಬರಲಾರದು. ಹೀಗಿರುವಾಗ ಎರಡೋ ಮೂರೋ ಅಂಕ ಕಂಡಾಗ ನಾವು ಅದನ್ನು ಏನೆಂದು ಓದಬೇಕು? ಕಬ್ಬಿಣಾಂಶದ ಕೊರತೆ ಎಂದೇ? ಮನುಷ್ಯರ ಕೊರತೆ ಎಂದೇ?

ಅಳತೆ ಮಾಡಿದವರಿಗೂ ಇದರ ಸುಳಿವು ಇದ್ದಂತಿದೆ. ಆಹಾರ ವೈವಿಧ್ಯಕ್ಕೆ ಎರಡು ಬೇರೆ ಅಂಕಗಳಿವೆ, ಇಡೀ ಮನೆಗೊಂದು, ಒಬ್ಬ ವ್ಯಕ್ತಿಗೊಂದು. ಮನೆಯದರಲ್ಲಿ ಹನ್ನೆರಡು ಗುಂಪು. ಎಣ್ಣೆ, ಸಕ್ಕರೆ, ಚಹಾ, ಮಸಾಲೆಗಳಿಗೂ ಅಲ್ಲಿ ಸ್ಥಾನವುಂಟು, ಏಕೆಂದರೆ ಅದು ಕೇಳುವುದು ಈ ಮನೆಗೆ ಏನೇನು ಕೊಳ್ಳುವ ಶಕ್ತಿಯಿದೆ ಎಂಬುದನ್ನು. ವ್ಯಕ್ತಿಯ ಅಂಕ ಕೇಳುವುದು ಬಾಯಿಗೆ ಏನು ಬಂತು ಎಂಬುದನ್ನು. ಮನೆಗೆ ಎಂಟು ಬಂದು, ಅದೇ ಮನೆಯ ಒಬ್ಬ ಹೆಂಗಸಿಗೆ ಮೂರು ಬಂದರೆ ನಡುವಿನ ಅಂತರ ಯಾರ ಲೆಕ್ಕಕ್ಕೆ? ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ನಮ್ಮ ಹೆಣ್ಣುಮಕ್ಕಳಿಗೆ ಸೋಂಕಿಗಿಂತಲೂ ಹಳೆಯದು. ಮೊಟ್ಟೆ ಮಗನಿಗೆ, ಕೆನೆಮೊಸರು ಗಂಡನಿಗೆ, ತಳದ ಸಾರು ತನಗೆ. ಸೋಂಕು ಬಂದು ಆ ರೂಢಿಗೆ ಇನ್ನೊಂದು ನೆಪವನ್ನು ಜೋಡಿಸಿಕೊಟ್ಟಿತು, ಅಷ್ಟೇ.

ಇತ್ತ ದೇಹದ ಬೇಡಿಕೆಯೇನು ಕಡಿಮೆಯೇ? ಲಕ್ಷಣಗಳೇ ಇಲ್ಲದ ಸೋಂಕಿತ ವಯಸ್ಕರಿಗೂ ಉಳಿದವರಿಗಿಂತ ಶೇಕಡಾ 10ರಷ್ಟು ಹೆಚ್ಚು ಶಕ್ತಿ ಬೇಕು, ಕಾಯಿಲೆ ಬಿದ್ದಾಗ ಮತ್ತು ಚೇತರಿಕೆಯ ದಿನಗಳಲ್ಲಿ ಅದು 20ರಿಂದ 30ಕ್ಕೆ ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ಬೇಕಾದಾಗಲೇ ಬಾಯಿಹುಣ್ಣು ಕಾಡುತ್ತದೆ, ಹಸಿವು ಸಾಯುತ್ತದೆ, ಉಂಡದ್ದು ಭೇದಿಯಾಗಿ ಹೋಗುತ್ತದೆ. ಆದ್ದರಿಂದ ಅಂಕ ಮತ್ತು ಆರೋಗ್ಯದ ನಡುವಿನ ದಾರಿ ಎರಡೂ ಕಡೆಗೆ ಸಾಗುತ್ತದೆ. ಒಂದೇ ಬಗೆಯ ಊಟದಿಂದ ಮನುಷ್ಯ ಸೊರಗುತ್ತಾನೆ, ಸೊರಗಿದವನಿಗೆ ಒಂದೇ ಬಗೆಯ ಗಂಜಿಯಷ್ಟೇ ಇಳಿಯುತ್ತದೆ. ಎ.ಆರ್.ಟಿ. ಇನ್ನೂ ಶುರುಮಾಡದ ಉಗಾಂಡಾದ ಸೋಂಕಿತರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಹಾರದ ಗುಣಮಟ್ಟ ಕೆಳಗಿದ್ದವರಲ್ಲಿ ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಕಣಗಳ ಎಣಿಕೆ ಕಡಿಮೆಯಿರುವುದನ್ನೂ ರಕ್ತಹೀನತೆ ಹೆಚ್ಚಿರುವುದನ್ನೂ ಕಂಡಿತು. ಸಾವಿನ ಮುನ್ಸೂಚನೆಯನ್ನೂ ಅದರಲ್ಲೇ ಗುರುತಿಸಿತು. ಎಲ್ಲ ಕಡೆಯೂ ಹೀಗೆಯೇ ಎಂದು ಸಾರುವಂತಿಲ್ಲ. ಒಂದೇ ದಿನದ ಅಂಕವನ್ನು ಹಿಡಿದು ಒಬ್ಬ ವ್ಯಕ್ತಿಯ ಪೋಷಣೆಗೆ ತೀರ್ಪು ಕೊಡುವುದಂತೂ ಸರಿಯಲ್ಲ. ಸಮುದಾಯದ ಸ್ಥಿತಿಯನ್ನು ಅಂದಾಜಿಸಲು ಹುಟ್ಟಿದ ಅಳತೆಯದು. ತೋಳಿನ ಸುತ್ತಳತೆ, ಹಿಮೋಗ್ಲೋಬಿನ್, ತೂಕ, ಇವು ಜೊತೆಗಿರಲೇಬೇಕು.

ನನಗೆ ಅಂಕಕ್ಕಿಂತಲೂ ಹೆಚ್ಚು ಬೆಲೆಯದಾಗಿ ತೋರುವುದು ಆ ಪ್ರಶ್ನೆಯೇ. ಊಟ ಆಯ್ತಾ ಎಂದು ನಾವು ದಿನವೂ ಎಷ್ಟೋ ಜನರನ್ನು ಕೇಳುತ್ತೇವೆ; ಆಯ್ತು ಎಂಬ ಉತ್ತರವನ್ನು ಪಡೆದು ಮುಂದೆ ಹೋಗುತ್ತೇವೆ. ಉಂಡಿರಲಿ, ಬಿಟ್ಟಿರಲಿ, ಉತ್ತರ ಅದೇ. ಏನು ಉಂಡಿರಿ ಎಂದು ಕೂತು ಕೇಳುವುದು ಬೇರೆ. ಅದಕ್ಕೆ ಬಿಡುವು ಬೇಕು, ಕೇಳಿಸಿಕೊಳ್ಳುವ ಕಿವಿ ಬೇಕು. ಎ.ಆರ್.ಟಿ. ಕೇಂದ್ರದ ಮುಂದೆ ಸಾಲು ಬೆಳೆದಿರುವಾಗ ಆಪ್ತಸಮಾಲೋಚಕರಿಗೆ ಆ ಬಿಡುವು ಎಲ್ಲಿಯದು ಎಂದು ಕೇಳಬಹುದು. ನಿಜವೇ. ಆದರೂ ತಪಾಸಣೆಯ ದನಿಯಲ್ಲಿ ಕೇಳಿದರೆ ಮಾನವಂತ ಬಡವ ಉಣ್ಣದ ಪಲ್ಯವನ್ನೂ ಉಂಡೆನೆಂದು ಬರೆಸುತ್ತಾನೆ. ತಟ್ಟೆಯಲ್ಲಿ ಇಲ್ಲದ್ದನ್ನು ಅನ್ಯರ ಮುಂದೆ ಒಪ್ಪಿಕೊಳ್ಳುವುದು ಸುಲಭವೇ? ಅವನದು ಸುಳ್ಳಲ್ಲ, ಉಳಿಸಿಕೊಂಡ ಮರ್ಯಾದೆ. ನಿಜವಾದ ಉತ್ತರ ಬರಬೇಕಾದರೆ ಕೇಳುವವರು ಮೊದಲು ನಂಬಿಕೆಗೆ ಅರ್ಹರಾಗಬೇಕಾಗುತ್ತದೆ. ಅಳೆಯುವವರಿಂದ ಇಷ್ಟೊಂದನ್ನು ಬೇಡುವ ಅಳತೆಗಳು ವೈದ್ಯಶಾಸ್ತ್ರದಲ್ಲಿ ಕಡಿಮೆ.

ಹಬ್ಬ, ಮದುವೆ, ಜಾತ್ರೆಯ ಮರುದಿನ ಈ ಪ್ರಶ್ನೆ ಕೇಳಬಾರದೆಂದು ಕೆಲವು ಮಾರ್ಗಸೂಚಿಗಳು ಎಚ್ಚರಿಸುತ್ತವೆ. ಅವಕ್ಕೆ ಬೇಕಾದದ್ದು ಸಾಧಾರಣ ದಿನ. ನಾವು ಒಬ್ಬರನ್ನು ಎಷ್ಟು ನೆನೆದಿದ್ದೇವೆ ಎಂಬುದೂ ಹಬ್ಬದ ಹೋಳಿಗೆಯಿಂದ ತಿಳಿಯುವುದಿಲ್ಲ. ಡಿಸೆಂಬರ್ 1ರ ಏಡ್ಸ್ ದಿನದಂದು ವೇದಿಕೆಯ ಮೇಲೆ ಹಣ್ಣಿನ ಬುಟ್ಟಿ ಕೊಡುವವರ ಒಳ್ಳೆಯತನವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಡಿಸೆಂಬರ್ 2ರ ಊಟದ ಬಗ್ಗೆ ಕೇಳುವವರು ಯಾರು?

ಕಾನೂನು ಒಂದು ಹೆಜ್ಜೆ ಮುಂದೆ ಹೋಗಿದೆ. 2017ರಲ್ಲಿ ಸಂಸತ್ತು ಒಪ್ಪಿ, 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಸೋಂಕಿತರಿಗೆ ಕೂಡುಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ. ಆ ಮನೆಯ ಯಾವ ಭಾಗದಿಂದಲೂ ಅವರನ್ನು ಹೊರಗಿಡುವಂತಿಲ್ಲ, ಅಲ್ಲಿನ ಸೌಕರ್ಯಗಳನ್ನು ಭೇದವಿಲ್ಲದೆ ಬಳಸಲು ಬಿಡಬೇಕು ಎನ್ನುತ್ತದೆ. ಅಡುಗೆಮನೆಯೂ ಮನೆಯ ಭಾಗವೇ ತಾನೆ? ಹಾಗಾದರೆ ಒಲೆಯ ಮುಂದೆ ಕೂರುವುದು, ಮೊಸರಿನ ಗಡಿಗೆಗೆ ಕೈಹಾಕುವುದು, ಎಲ್ಲರ ಸಾಲಿನಲ್ಲಿ ಎಲೆ ಹಾಕಿಸಿಕೊಳ್ಳುವುದು, ಇವೆಲ್ಲ ಇಂದು ಅವರ ಹಕ್ಕು. ನ್ಯಾಯಾಲಯದ ಮೆಟ್ಟಿಲು ಹತ್ತಿ ಈ ಹಕ್ಕನ್ನು ಕೇಳುವ ಕಸುವು ಎಷ್ಟು ಜನರಿಗಿದೆ ಎಂಬುದು ಬೇರೆ ಮಾತು. ಹಕ್ಕು ಮನೆಯೊಳಗೆ ತಲುಪಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ನಮ್ಮ ಬಳಿ ಇರುವ ಸರಳ ಸಾಧನವೆಂದರೆ ನಿನ್ನೆಯ ಊಟದ ಆ ಪಟ್ಟಿ.

ಆದ್ದರಿಂದ ನಾವು ಮಾಡಬಹುದಾದ ಕೆಲಸವೊಂದಿದೆ ಎಂದು ನನಗನ್ನಿಸುತ್ತದೆ. ಸೋಂಕಿತರ ಅಂಕದ ಪಕ್ಕದಲ್ಲಿ ಅವರ ಮನೆಯ ಅಂಕವನ್ನೂ ಬರೆಯೋಣ. ಯಾರ ಜೊತೆ ಕೂತು ಉಂಡಿರಿ ಎಂಬುದನ್ನೂ ಕೇಳೋಣ. ಎರಡೂ ಅಂಕ ಕೆಳಗಿದ್ದರೆ ಅದು ಇಡೀ ಮನೆಯ ಬಡತನ. ಪಡಿತರದಲ್ಲಿ ಬೇಳೆಗೆ, ಮಾಸಾಶನಕ್ಕೆ, ಹಿತ್ತಲಲ್ಲಿ ಒಂದು ನುಗ್ಗೆ ಗಿಡಕ್ಕೆ ದಾರಿ ಹುಡುಕಬೇಕು. ಮನೆಯದು ಮೇಲಿದ್ದು ಅವರದು ಮಾತ್ರ ಕೆಳಗಿದ್ದರೆ, ಔಷಧದ ಕಿಟಕಿಯಲ್ಲಿ ಅದಕ್ಕೆ ಮಾತ್ರೆ ಸಿಗುವುದಿಲ್ಲ. ಅವರ ಒಪ್ಪಿಗೆ ಪಡೆದು, ಗುಟ್ಟು ಊರಿಗೆ ಸೋರದಂತೆ ನೋಡಿಕೊಂಡು, ವಿಷಯ ಆಗಲೇ ತಿಳಿದಿರುವ ಮನೆಯವರನ್ನು ಕೇಂದ್ರಕ್ಕೆ ಕರೆಸಿ ಅತ್ತೆಯೊಡನೆ, ಅಣ್ಣನೊಡನೆ ಮಾತಾಡಬೇಕು. ಒಮ್ಮೆಗೆ ಮುಗಿಯುವ ಮಾತಲ್ಲ ಅದು.