ತೆನೆಯಿಂದ ಬಳ್ಳದವರೆಗೆ

ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ.

ದುಡ್ಡು ಕೂಡಿಡುವ ಮಾತು ಬಂದಾಗಲೇ ನಮ್ಮಲ್ಲಿ ಈ ಗಾದೆ ನೆನಪಾಗುವುದು ಹೆಚ್ಚು. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ಮಳೆ ನಂಬಿದ ಹೊಲಗಳನ್ನು ಕಂಡವರಿಗೆ ಇದರ ಮೊದಲರ್ಧ ಇನ್ನೂ ಆಳಕ್ಕೆ ಹೋಗುತ್ತದೆ. ಒಂದೇ ಸಂಜೆ ದಬದಬ ಹೊಡೆದ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ನಿಧಾನಕ್ಕೆ ಜಿಟಿಜಿಟಿ ಹಿಡಿದ ಮಳೆ ನೆಲಕ್ಕಿಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಹಿಡಿದು ಕೂರುವ ಪದವಿ ವಿದ್ಯಾರ್ಥಿಗಳಿಗೆ ನಾನು ಹೇಳಬಯಸುವುದೂ ಇದನ್ನೇ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪುಸ್ತಕ ಬರೆದ. ಹಾಗೆ ಬಾಯಿಪಾಠ ಮಾಡಿದ್ದರಲ್ಲಿ ಬಹುಪಾಲು ಮೊದಲ ದಿನವೇ ಜಾರುತ್ತದೆ. ದಿನಗಳ ಅಂತರ ಕೊಟ್ಟು ಮತ್ತೆ ಮತ್ತೆ ಓದಿದ್ದು ನಿಲ್ಲುತ್ತದೆ.

ಗಾದೆಯ ಎರಡನೆಯ ಅರ್ಧವನ್ನು ನಾವು ಪ್ರಾಸಕ್ಕಾಗಿ ಹೇಳಿ ಮುಂದೆ ಹೋಗಿಬಿಡುತ್ತೇವೆ. ನನಗೆ ಅದೇ ಹೆಚ್ಚು ಬೆಲೆಯುಳ್ಳದ್ದು. ತೆನೆಯನ್ನು ಯಾರೂ ಬಳ್ಳದಲ್ಲಿ ಅಳೆಯುವುದಿಲ್ಲ. ಮುರಿದ ಜೋಳದ ತೆನೆ ಕಣಕ್ಕೆ ಬರಬೇಕು, ಹಂತಿ ಕಟ್ಟಿ ತುಳಿಸಬೇಕು, ಗಾಳಿಗೆ ತೂರಬೇಕು; ಹೊಟ್ಟು ಹಾರಿಹೋಗಿ ಉಳಿದ ಕಾಳಷ್ಟೇ ಬಳ್ಳಕ್ಕೆ. ನೋಟ್ಸ್ ಬರೆದುಕೊಳ್ಳುವುದು, ಜೆರಾಕ್ಸ್ ಮಾಡಿಸುವುದು, ಪುಟದ ತುಂಬ ಬಣ್ಣದ ಗೆರೆ ಎಳೆಯುವುದು, ಇವೆಲ್ಲ ತೆನೆ ಕೂಡಿಹಾಕುವ ಕೆಲಸ. ಪುಸ್ತಕ ಮುಚ್ಚಿ, ಓದಿದ್ದನ್ನು ನೆನಪಿನಿಂದಲೇ ಹೇಳಲು ಹೊರಟಾಗ ಕಾಳೆಷ್ಟು ಹೊಟ್ಟೆಷ್ಟು ಎಂದು ತಿಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿ ಪಾಠ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ವಾರ ಕಳೆದು ಕೇಳಿದಾಗ ಅವರಿಗೆ ನೆನಪಿದ್ದದ್ದು ನೂರಕ್ಕೆ 40ರಷ್ಟು, ನೆನೆದು ಬರೆದವರಿಗೆ 61ರಷ್ಟು.

ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ.ಗೆ ಬಂದವರಿಗೆ ಈ ಕಣದ ಕೆಲಸ ಇನ್ನೂ ಬೇಕು. ‘ಡೆಪ್ರಿಸಿಯೇಶನ್’ ಎಂಬುದರ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಉರು ಹೊಡೆದವನನ್ನು ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ತಡವರಿಸುತ್ತಾನೆ. ಅಪ್ಪ ಕೊಂಡ ಟ್ರ್ಯಾಕ್ಟರಿನ ಬೆಲೆ ವರ್ಷ ವರ್ಷ ಹೇಗೆ ಇಳಿಯಿತು, ಆ ಸವಕಳಿಯನ್ನು ಲೆಕ್ಕದ ಪುಸ್ತಕದಲ್ಲಿ ಎಲ್ಲಿ ಬರೆಯಬೇಕು ಎಂದು ಗೆಳೆಯನಿಗೆ ತನ್ನ ಮಾತಿನಲ್ಲಿ ಹೇಳಿಕೊಟ್ಟವನು ಮರೆಯುವುದಿಲ್ಲ. ಹಳ್ಳಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿಯರಿಗೆ ನಸುಕಿನಲ್ಲೇ ರೊಟ್ಟಿ ಬಡಿಯುವ ಕೆಲಸ, ಸಂಜೆ ಮತ್ತೆ ಮನೆಗೆಲಸ. ಅವರಿಗೆ ಮೇಜು ಕುರ್ಚಿ ಹಾಕಿ ದಿನಕ್ಕೆ ನಾಲ್ಕು ತಾಸು ಓದು ಎಂದರೆ ಅದು ಮೇಲುಮೇಲಿನ ಮಾತಾಗುತ್ತದೆ. ಬಸ್ಸಿನ ಗದ್ದಲದಲ್ಲಿ ಪುಸ್ತಕ ತೆರೆಯಲೂ ಬೇಕಿಲ್ಲ, ನಿನ್ನೆಯ ಪಾಠದ ಐದು ಪ್ರಶ್ನೆ ಪಕ್ಕದವಳಿಗೆ ಕೇಳು, ಅವಳಿಂದ ಐದು ಕೇಳಿಸಿಕೋ ಎನ್ನಬಹುದು.

ಇನ್ನು ಹಳ್ಳದ ಮಾತು. ಕೊಪ್ಪಳದ ಹಿರೇಹಳ್ಳ ಹೂಳು, ಗಿಡಗಂಟಿ ತುಂಬಿ ಸೊರಗಿತ್ತು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು, ಊರೂರಿನ ಜನರನ್ನು ಕೂಡಿಸಿ ಅದನ್ನು ಸ್ವಚ್ಛ ಮಾಡಿಸಿದರು. ಹನಿ ಎಷ್ಟೇ ಬಿದ್ದರೂ ಪಾತ್ರ ಹೂಳಿದ್ದರೆ ನೀರು ನಿಲ್ಲುವುದೆಲ್ಲಿ? ಓದುವವರ ಮೈಮನಸ್ಸಿಗೂ ಇದೇ ಮಾತು ಸಲ್ಲುತ್ತದೆ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿ ಎರಡರವರೆಗೆ ಮೊಬೈಲ್ ನೋಡಿದರೆ ಆ ಕೆಲಸವೇ ಕೆಡುತ್ತದೆ. ಬೆಳಿಗ್ಗೆ ಚಹಾ ಕುಡಿದು ಓಡಿ, ಮಧ್ಯಾಹ್ನ ಮಿರ್ಚಿ ಮಂಡಕ್ಕಿಯಲ್ಲಿ ಊಟ ಮುಗಿಸುವ ಹಾಸ್ಟೆಲ್ ಹುಡುಗರು ಮನೆಯಿಂದ ಬುತ್ತಿ ಬಂದ ದಿನ ಎಷ್ಟು ಚುರುಕಾಗಿರುತ್ತಾರೆಂದು ಅವರನ್ನೇ ಕೇಳಿ. ಮನಸ್ಸು ಕುಗ್ಗಿ ಯಾರಿಗೂ ಹೇಳಲಾಗದಿದ್ದರೆ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅದೇ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಬುದ್ಧನ ಉಪಾಸಕನಾದ ಮೇಲೂ ಒಂದು ವರ್ಷ ತಾನು ಸಾಕಷ್ಟು ಪ್ರಯತ್ನಪಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಚೆನ್ನಾಗಿ ತೊಡಗಿಕೊಂಡೆ ಎಂದು ಚಕ್ರವರ್ತಿಯೇ ಅದರಲ್ಲಿ ಹೇಳಿಕೊಳ್ಳುತ್ತಾನೆ. ಪ್ರಯತ್ನದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ ಎನ್ನುತ್ತಾನೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿಸಿಕೊಂಡವರು ಒಮ್ಮೆ ಆ ಬಂಡೆಯ ಹತ್ತಿರ ಹೋಗಿ ಬರಲಿ. ಅಪ್ಪ ಅವ್ವಂದಿರಲ್ಲಿ ನನ್ನದೊಂದು ಬೇಡಿಕೆ: ಉಳಿದ ವಿಷಯವನ್ನು ಮತ್ತೆ ಬರೆಯಬಹುದು, ಅಲ್ಲಿಯವರೆಗೆ ಮಗಳ ಮದುವೆಯ ಮಾತು ತೆಗೆಯಬೇಡಿ. ಗಂಗಾವತಿಯ ಭತ್ತದ ಸುಗ್ಗಿಗೆಂದು ಮಗನ ಕಾಲೇಜು ಬಿಡಿಸಬೇಡಿ.